ಹಳೆಯ ಮಾದರಿ ರೈಲುಗಳಿಗೆ ಬೆಲೆ ಕಟ್ಟುವ ಹಾಸನದ ಒಂದು ಸೇವೆ

ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯೊಂದರಲ್ಲಿ, ಮೊದಲ ಮಹಡಿಯ ಗಡಿಯಾರ ರಿಪೇರಿ ಅಂಗಡಿಯ ಹಿಂಬದಿ ಕೋಣೆಯಲ್ಲಿ, ನಿಜವಾದ ರೈಲನ್ನು ಚಿಕ್ಕದಾಗಿಸಿ ಮಾಡಿದ ಹಳೆಯ ಆಟಿಕೆ ರೈಲುಗಳನ್ನೂ ಜೋಡಿಸದೆ ಉಳಿದಿರುವ ರೈಲು ಕಿಟ್‌ಗಳನ್ನೂ ಗುರುತಿಸಿ, ಅವುಗಳ ಸ್ಥಿತಿಗತಿಯನ್ನು ದಾಖಲಿಸಿ, ಬೆಲೆಯ ಅಂದಾಜನ್ನು ಬರೆದುಕೊಡುವ ಸೇವೆಯೊಂದು ನಡೆಯುತ್ತಿದೆ. ನಡೆಸುವವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು. ಬೋರ್ಡು ಹಾಕಿಲ್ಲ, ಜಾಹೀರಾತು ಕೊಟ್ಟಿಲ್ಲ, ಹೆಸರು ಬರೆಯುವುದು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ಆದ್ದರಿಂದ ಇಲ್ಲಿ ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ. ಮಲೆನಾಡಿನ ಅನೇಕ ಮನೆಗಳ ಅಟ್ಟದಲ್ಲಿ ಇಂಥ ರೈಲುಗಳ ಪೆಟ್ಟಿಗೆಗಳು ಇನ್ನೂ ಇವೆ, ಅವುಗಳನ್ನು ಏನು ಮಾಡಬೇಕೆಂದು ತಿಳಿಯದವರೂ ಇದ್ದಾರೆ ಎಂಬುದು ನನಗೆ ಗೊತ್ತಿರುವುದರಿಂದ ಈ ಸೇವೆಯ ಬಗ್ಗೆ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಪೆಟ್ಟಿಗೆಯ ಹಿನ್ನೆಲೆ ಹೀಗಿದೆ. ನನ್ನ ಅಜ್ಜ ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ತೋಟವನ್ನು ಮಾರಿ ಇಂಗ್ಲೆಂಡಿಗೆ ಹೊರಟ ದೊರೆ, ತನ್ನ ಮಗ ಆಡಿಬಿಟ್ಟ ರೈಲುಗಳನ್ನೂ ಮುಟ್ಟದೆ ಉಳಿಸಿದ್ದ ಕಿಟ್‌ಗಳನ್ನೂ ಒಂದು ತಗಡಿನ ಟ್ರಂಕಿನಲ್ಲಿ ತುಂಬಿ ಅಜ್ಜನಿಗೆ ಕೊಟ್ಟು ಹೋದರು. ಟ್ರಂಕು ದೊಡ್ಡಪ್ಪನ ಪಾಲಿಗೆ ಬಂದು, ಅವರ ನಂತರ ನಮ್ಮೆಲ್ಲರ ಪಾಲಿಗೆ ಬಂತು. ಅಣ್ಣತಮ್ಮಂದಿರು, ಅಕ್ಕತಂಗಿಯರ ನಡುವೆ ಪಾಲು ಮಾಡುವಾಗ ಒಬ್ಬರು ಇದನ್ನು ಗುಜರಿ ಎಂದರು, ಇನ್ನೊಬ್ಬರು ಇದಕ್ಕೆ ಲಕ್ಷಗಟ್ಟಲೆ ಬೆಲೆಯಿದೆ ಎಂದರು. ಎರಡೂ ಮಾತಿಗೆ ಆಧಾರವಿರಲಿಲ್ಲ. ಆಗಲೇ ಬೆಂಗಳೂರಿನ ವ್ಯಾಪಾರಿಯೊಬ್ಬರು ಮೊಬೈಲಿನಲ್ಲಿ ಕಳಿಸಿದ ಫೋಟೋಗಳನ್ನಷ್ಟೇ ನೋಡಿ, ಇಡೀ ಟ್ರಂಕಿಗೆ ಒಟ್ಟಾರೆ ಒಂದು ಮೊತ್ತ ಹೇಳಿ, ಸಂಜೆಯೊಳಗೆ ಒಪ್ಪಿಗೆ ಕೊಡದಿದ್ದರೆ ಮಾತು ಮುರಿಯಿತು ಎಂದು ಒತ್ತಾಯಿಸಿದರು. ಕೊಳ್ಳುವವರೇ ಬೆಲೆ ಕಟ್ಟಿದರೆ ಆ ಬೆಲೆ ಅವರ ಅನುಕೂಲಕ್ಕೇ ಇರುತ್ತದೆ ಎಂಬುದು ಆಗ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಕೊಳ್ಳದವರೊಬ್ಬರು ಬೇಕಾಗಿತ್ತು; ಹಾಗೆ ವಿಚಾರಿಸುತ್ತ ಹೋದಾಗ ಸಿಕ್ಕಿದ್ದು ಹಾಸನದ ಈ ಯಜಮಾನರು.

ಈ ಸೇವೆಯ ಮೊದಲ ಗುಣವೇ ಅದು. ಅವರು ಯಾವ ವಸ್ತುವನ್ನೂ ಕೊಳ್ಳುವುದಿಲ್ಲ, ಮಾರಿಸಿಕೊಡುವುದಿಲ್ಲ, ಇಂಥವರಿಗೆ ಮಾರಿ ಎಂದು ಹೆಸರು ಹೇಳಿ ಕಮಿಷನ್ ಪಡೆಯುವುದೂ ಇಲ್ಲ. ಪೆಟ್ಟಿಗೆಯೊಂದಕ್ಕೆ 1,500 ರೂಪಾಯಿ ಶುಲ್ಕ, ಅಷ್ಟೇ. ಪೆಟ್ಟಿಗೆಯೊಳಗೆ ಇರುವುದು ಸಾವಿರ ರೂಪಾಯಿಯದೋ ಲಕ್ಷ ರೂಪಾಯಿಯದೋ, ಶುಲ್ಕ ಬದಲಾಗುವುದಿಲ್ಲ. ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಶುಲ್ಕ ಪಡೆಯುವವರಿಗೆ ಬೆಲೆಯನ್ನು ಏರಿಸಿ ಹೇಳುವ ಆಸೆ ಇರುತ್ತದೆ. ಇಲ್ಲಿ ಅದಕ್ಕೆ ಎಡೆಯೇ ಇಲ್ಲ. ನಾನು ಮೇಜಿನ ಮೇಲೆ ಟ್ರಂಕು ಇಟ್ಟು ಎಷ್ಟು ಬೆಲೆ ಬಾಳಬಹುದು ಸಾರ್ ಎಂದು ಕೇಳಿದಾಗ ಅವರು, “ಮೊದಲು ಇದು ಏನು ಅನ್ನೋದು ಗೊತ್ತಾಗ್ಲಮ್ಮ, ಎಷ್ಟು ಅನ್ನೋದು ಆಮೇಲಿನ ಮಾತು” ಎಂದರು. ಗುರುತಿಸುವ ಕೆಲಸಕ್ಕೆ ಅವರು ಕೊಡುವ ಸಮಯ ಬೆಲೆ ಹೇಳುವುದಕ್ಕೆ ಕೊಡುವ ಸಮಯದ ಹಲವು ಪಟ್ಟು ಇರುತ್ತದೆ. ಅದು ಸರಿಯಾದ ಕ್ರಮವೂ ಹೌದು. ಏನೆಂದು ಖಚಿತವಾದ ಮೇಲೆ ಬೆಲೆ ಹುಡುಕುವುದು ಅಷ್ಟು ಕಷ್ಟವಲ್ಲ.

ಅವರು ಮೊದಲು ಕೈಗೆತ್ತಿಕೊಳ್ಳುವುದು ವರ್ನಿಯರ್ ಕ್ಯಾಲಿಪರ್. ಹಳಿಗಳ ಒಳಮೈಗಳ ನಡುವಿನ ಅಂತರವನ್ನು, ಅಂದರೆ ಗೇಜನ್ನು, ಅಳೆದರೆ ಅರ್ಧ ಗುರುತು ಸಿಕ್ಕಿದಂತೆ. ಅಂತರ 45 ಮಿಲಿಮೀಟರ್ ಇದ್ದರೆ ಒಂದನೇ ಗೇಜ್, 32 ಇದ್ದರೆ ಓ ಗೇಜ್, 16.5 ಇದ್ದರೆ ಓಓ ಅಥವಾ ಎಚ್‌ಓ, 12 ಇದ್ದರೆ ಟಿಟಿ, 9 ಇದ್ದರೆ ಎನ್. ಇದರಲ್ಲಿ ತೊಡಕಿರುವುದು 16.5ರಲ್ಲಿ. ಎಚ್‌ಓ ಮಾದರಿಗಳು ನಿಜವಾದ ರೈಲಿನ 87ನೇ ಒಂದು ಭಾಗದಷ್ಟಿರುತ್ತವೆ, 16.5ನ್ನು 87ರಿಂದ ಗುಣಿಸಿದರೆ ಯುರೋಪಿನ 1435 ಮಿಲಿಮೀಟರ್ ಗೇಜ್ ಸರಿಯಾಗಿ ಬರುತ್ತದೆ. ಬ್ರಿಟನ್ನಿನ ಓಓ ಮಾದರಿಗಳು 76ನೇ ಒಂದು ಭಾಗದಷ್ಟಿದ್ದರೂ ಓಡುವುದು ಅದೇ 16.5 ಮಿಲಿಮೀಟರ್ ಹಳಿಯ ಮೇಲೆ. ಬ್ರಿಟನ್ನಿನ ಇಂಜಿನ್‌ಗಳು ಯುರೋಪಿನವುಗಳಿಗಿಂತ ಗಾತ್ರದಲ್ಲಿ ಚಿಕ್ಕವಾಗಿದ್ದುದರಿಂದ, ಆ ಕಾಲದ ಮೋಟಾರು ಅವುಗಳ ಮಾದರಿಯ ಹೊಟ್ಟೆಯೊಳಗೆ ಹಿಡಿಸುತ್ತಿರಲಿಲ್ಲ. ಹಳಿಯನ್ನು ಹಾಗೆಯೇ ಬಿಟ್ಟು ಮೇಲಿನ ಒಡಲನ್ನಷ್ಟೇ ದೊಡ್ಡದು ಮಾಡಿದರು. ಆದ್ದರಿಂದ ಹಳಿಯ ಅಳತೆಯೊಂದನ್ನೇ ನಂಬದೆ ಯಜಮಾನರು ಬೋಗಿಯ ಉದ್ದ, ಬಾಗಿಲಿನ ಎತ್ತರಗಳನ್ನೂ ಅಳೆಯುತ್ತಾರೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಹಾಸನದಿಂದ ಸಕಲೇಶಪುರದ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿದ್ದ ಹಳೆಯ ದಾರಿ 1000 ಮಿಲಿಮೀಟರಿನ ಮೀಟರ್ ಗೇಜ್. ಎರಡೂ ಈ ಆಟಿಕೆಗಳ ಲೆಕ್ಕದೊಳಗೆ ಬರುವುದಿಲ್ಲ. ಟ್ರಂಕಿನಲ್ಲಿರುವುದು ನಮ್ಮ ಊರಿನ ರೈಲಿನ ಮಾದರಿ ಎಂದು ಮನೆಯ ಮಕ್ಕಳು ನಂಬಿದ್ದರು. ಕ್ಯಾಲಿಪರ್ ಇಟ್ಟ ಕೂಡಲೇ ಆ ಮಾತು ಇತ್ಯರ್ಥವಾಯಿತು.

ಮುಂದಿನದು ಚಕ್ರಗಳ ಪರೀಕ್ಷೆ. ಇದನ್ನು ಅವರು ಮಾಡುವ ರೀತಿಯನ್ನು ಹತ್ತಿರ ಕುಳಿತು ನೋಡಿದೆ. ಇಂಜಿನ್ನನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ ಇಟ್ಟು, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದೇ ಆಕ್ಸಲಿನ ಎಡಬಲ ಚಕ್ರಗಳಿಗೆ ತಾಗಿಸಿದರು. ಮೀಟರು ಕೀಂಯ್ ಎಂದಿತು. ಎರಡು ಚಕ್ರಗಳ ನಡುವೆ ವಿದ್ಯುತ್ತು ಹರಿಯುತ್ತಿದೆ ಎಂದರೆ ಇದು ಎರಡು ಹಳಿಗಳ ಮೂಲಕವೇ ಇಂಜಿನ್ನಿಗೆ ವಿದ್ಯುತ್ತು ಬಂದುಹೋಗುವ ಎರಡು ಹಳಿಯ ವ್ಯವಸ್ಥೆಯದಲ್ಲ, ಏಕೆಂದರೆ ಅದರಲ್ಲಿ ಎರಡು ಚಕ್ರಗಳನ್ನು ವಿದ್ಯುತ್ತು ದಾಟದಂತೆ ಬೇರ್ಪಡಿಸಿರುತ್ತಾರೆ. ಆಮೇಲೆ ಇಂಜಿನ್ನಿನ ಕೆಳಗೆ ನಡುವಿನ ಹಳಿಯನ್ನು ಸವರಿಕೊಂಡು ಹೋಗುವ ಚಮಚದಾಕಾರದ ಲೋಹದ ತುಣುಕನ್ನು ತೋರಿಸಿ, ಇದು ಮೂರು ಹಳಿಯ ಹಾರ್ನ್‌ಬಿ ಡಬ್ಲೊ ಎಂದರು. ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆಯಲ್ಲಿ ಮೆಕ್ಯಾನೊ ಕಂಪನಿ ಈ ಡಬ್ಲೊ ರೈಲುಗಳನ್ನು 1938ರಲ್ಲಿ ಹೊರತಂದಿತು. ಎರಡು ಹಳಿಯ ವ್ಯವಸ್ಥೆಗೆ ಬದಲಾದದ್ದು 1959ರಲ್ಲಿ. ಅಂದರೆ ಎರಡು ಕಡ್ಡಿಗಳನ್ನು ತಾಗಿಸಿದ ಕೆಲಸದಿಂದಲೇ ನಮ್ಮ ಇಂಜಿನ್ನಿನ ಕಾಲ ಬಹಳಷ್ಟು ಕಿರಿದಾಯಿತು.

ಕಾಲವನ್ನು ಇನ್ನೂ ಕಿರಿದಾಗಿಸಿದ್ದು ಹೆಸರು, ಬಣ್ಣ ಮತ್ತು ಬೋಗಿಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿ. ಬ್ರಿಟನ್ನಿನ ರೈಲ್ವೆಗಳು 1948ರ ಜನವರಿ 1ರಂದು ರಾಷ್ಟ್ರೀಕರಣಗೊಂಡರೂ ಡಬ್ಲೊ ಇಂಜಿನ್‌ಗಳು ಹಳೆಯ ಖಾಸಗಿ ಕಂಪನಿಗಳ ಬಣ್ಣದಲ್ಲಿಯೇ ಹೊರಬರುತ್ತಿದ್ದವು. 1953ರಲ್ಲಿ ಬ್ರಿಟಿಷ್ ರೈಲ್ವೇಸಿನ ಬಣ್ಣಕ್ಕೆ ಬದಲಾದವು. ನಮ್ಮದರ ಮೇಲೆ ‘ಡಚೆಸ್ ಆಫ್ ಮಾಂಟ್ರೋಸ್’ ಎಂಬ ಹೆಸರಿದ್ದು, ಬ್ರಿಟಿಷ್ ರೈಲ್ವೇಸಿನ ಹಸಿರು ಬಣ್ಣವಿದ್ದುದರಿಂದ ಅದು 1953ಕ್ಕೆ ಹಿಂದಿನದಾಗಲು ಸಾಧ್ಯವಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಬ್ಲೊ ಬೋಗಿಗಳಿಗೆ ಚಪ್ಪಟೆ ಉಕ್ಕಿನ ಸ್ಪ್ರಿಂಗಿನ ಕೊಂಡಿ, ಯುದ್ಧದ ನಂತರದವುಗಳಿಗೆ ಬೇರೆ ವಿನ್ಯಾಸದ, ತಾನಾಗಿ ಸಿಕ್ಕಿಕೊಳ್ಳುವ ಕೊಂಡಿ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಮರೆಯುವುದಿಲ್ಲ. ಟ್ರಂಕಿನ ತಳದಲ್ಲಿ ಮಡಚಿ ಇಟ್ಟಿದ್ದ ಸೂಚನಾ ಕಾಗದವನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಯಜಮಾನರು ಅದರ ಕೆಳತುದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ಅಚ್ಚಾಗಿದ್ದ ಅಂಕೆಗಳಿಗೆ ಭೂತಗನ್ನಡಿ ಹಿಡಿದರು. ಮೆಕ್ಯಾನೊ ಕಂಪನಿಯ ಮುದ್ರಿತ ಕಾಗದಗಳಲ್ಲಿ ಓರೆಗೆರೆಗಳ ನಡುವೆ 556 ಎಂದಿದ್ದರೆ ಅದು 1956ರ ಮೇ ತಿಂಗಳಿನ ಅಚ್ಚು ಎಂದು ಅರ್ಥ. ಪೆಟ್ಟಿಗೆಯ ತುದಿಯಲ್ಲಿದ್ದ ಚೀಟಿಯ ಮೇಲಿನ ‘ಇಡಿಎಲ್ 12’ ಎಂಬ ಸಂಖ್ಯೆಯೂ ಒಳಗಿದ್ದ ಇಂಜಿನ್ನಿನದೇ ಆಗಿತ್ತು. ಎಷ್ಟೋ ಕಡೆ ಒಂದರ ಪೆಟ್ಟಿಗೆಯಲ್ಲಿ ಇನ್ನೊಂದು ಇರುತ್ತದೆ, ಹಾಗಿದ್ದರೆ ಪೆಟ್ಟಿಗೆಯಿದ್ದೂ ಇಲ್ಲದಂತೆ ಎಂದು ಅವರು ಎಚ್ಚರಿಸಿದರು.

ಇಂಜಿನ್ನಿಗಿಂತ ಹೆಚ್ಚು ಹೊತ್ತು ಅವರು ಕೂತದ್ದು ಕಿಟ್‌ಗಳ ಮುಂದೆ. ಕಿಟ್ ಎಂದರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುವ ಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ನಾವೇ ಕಟ್ಟಬೇಕಾದ ಮಾದರಿ. ನಮ್ಮಲ್ಲಿ ಇದ್ದವುಗಳಲ್ಲಿ ಹೆಚ್ಚಿನವು ಕಿಟ್‌ಮಾಸ್ಟರ್ ಹೆಸರಿನವು. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ರೌಂಡ್ಸ್ ಎಂಬಲ್ಲಿ ಗೊಂಬೆ ತಯಾರಿಸುತ್ತಿದ್ದ ರೋಸ್‌ಬಡ್ ಕಂಪನಿ ಇವುಗಳನ್ನು 1959ರಲ್ಲಿ ಆರಂಭಿಸಿತು. 1962ರ ಹೊತ್ತಿಗೆ ಕಂಪನಿ ಕೈಚೆಲ್ಲಿದಾಗ ಅಚ್ಚುಗಳು ಏರ್‌ಫಿಕ್ಸ್ ಕಂಪನಿಗೆ ಹೋದವು. ಏರ್‌ಫಿಕ್ಸ್ ಅವುಗಳಲ್ಲಿ ಕೆಲವನ್ನು ಮಾತ್ರ ತನ್ನ ಹೆಸರಿನಲ್ಲಿ ಮತ್ತೆ ಹೊರತಂದಿತು. ಮುಂದೆ 1980ರ ದಶಕದಲ್ಲಿ ಅವು ಡೇಪಲ್ ಕಂಪನಿಯ ಪಾಲಾದವು. ಇದರಲ್ಲಿ ಬೆಲೆಗೆ ಸಂಬಂಧಿಸಿದ ದೊಡ್ಡ ಪಾಠವಿದೆ. ಒಂದೇ ಅಚ್ಚಿನಿಂದ ಬಂದ ಒಂದೇ ಆಕಾರದ ಪ್ಲಾಸ್ಟಿಕ್ಕು ಮೂರು ಹೆಸರಿನ ಪೆಟ್ಟಿಗೆಗಳಲ್ಲಿ ಬಂದಿರುವಾಗ, ಸಂಗ್ರಾಹಕರು ಹಣ ಕೊಡುವುದು ಮೊದಲ ಪೆಟ್ಟಿಗೆಗೆ, ಅದರ ಮೇಲಿನ ಚಿತ್ರಕ್ಕೆ, ಒಳಗಿನ ಸೂಚನಾ ಕಾಗದಕ್ಕೆ, ಮಾದರಿಯ ಮೇಲೆ ಅಂಟಿಸಲು ಕೊಟ್ಟಿದ್ದು ಬಳಸದೆ ಉಳಿದ ಅಕ್ಷರಚೀಟಿಗಳಿಗೆ. ಕಟ್ಟಿ ನೋಡುವ ಆಸೆ ಮಾತ್ರ ಇರುವವರಿಗೆ ಹೊಸದಾಗಿ ಅಚ್ಚಾದ ಕಿಟ್ ಕಡಿಮೆ ಬೆಲೆಗೆ ಸಿಗುತ್ತದೆ. ಹಾಗಾಗಿ ಏರ್‌ಫಿಕ್ಸ್ ಮತ್ತೆ ತಾರದೆ ಬಿಟ್ಟ ಉಗಿ ಇಂಜಿನ್ ಬೇಯರ್-ಗ್ಯಾರಟ್‌ನಂಥ ಕಿಟ್‌ಮಾಸ್ಟರ್ ಮಾದರಿಗಳಿಗೆ ಬೇಡಿಕೆ ಹೆಚ್ಚು. ಮತ್ತೆ ಮತ್ತೆ ಅಚ್ಚಾದ, ಹಳೆಯ ಉಗಿ ಇಂಜಿನ್ನಿನ ಮಾದರಿಯಾದ ಸ್ಟೀಫನ್ಸನ್ನನ ರಾಕೆಟ್‌ಗೆ ಕಡಿಮೆ.

ಕಿಟ್ ಪೂರ್ತಿಯಾಗಿದೆಯೇ ಎಂದು ನೋಡುವ ಕೆಲಸಕ್ಕೆ ಅಡ್ಡದಾರಿಯಿಲ್ಲ. ಸೂಚನಾ ಕಾಗದದಲ್ಲಿರುವ ಚಿತ್ರವನ್ನು ಮುಂದಿಟ್ಟುಕೊಂಡು ಒಂದೊಂದು ಭಾಗದ ಸಂಖ್ಯೆಯನ್ನೂ ಗುರುತು ಹಾಕುತ್ತ ಹೋಗಬೇಕು. ನಮ್ಮ ರಾಕೆಟ್ ಕಿಟ್‌ನಲ್ಲಿ ದೊಡ್ಡ ಭಾಗಗಳೆಲ್ಲ ಚೌಕಟ್ಟಿನಲ್ಲಿಯೇ ಇದ್ದವು. ಆದರೆ ಚೌಕಟ್ಟಿನಿಂದ ಕಳಚಿ ಬಿದ್ದಿದ್ದ ಅಕ್ಕಿಕಾಳಿನಷ್ಟು ಸಣ್ಣ ಹಿಡಿಯೊಂದು ಪೆಟ್ಟಿಗೆಯ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು. ಯಜಮಾನರು ಅದನ್ನು ಚಿಮುಟದಿಂದ ತೆಗೆದು, ಚಿಕ್ಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಭಾಗದ ಸಂಖ್ಯೆ ಬರೆದು ಪೆಟ್ಟಿಗೆಯೊಳಗೇ ಇಟ್ಟರು. ಹಳೆಯ ಪೆಟ್ಟಿಗೆಗಳನ್ನು ಮನೆಯಲ್ಲಿ ಕೊಡವಿ ಒರೆಸುವಾಗ ಕಸದ ಜೊತೆಗೆ ಹೋಗುವುದು ಇಂಥ ಭಾಗಗಳೇ. ಆದ್ದರಿಂದ ಯಾರಿಗಾದರೂ ತೋರಿಸುವ ಮುನ್ನ ಪೆಟ್ಟಿಗೆಯನ್ನು ಸ್ವಚ್ಛ ಮಾಡುವ ಉಸಾಬರಿಗೆ ಹೋಗದಿರುವುದೇ ಕ್ಷೇಮ.

ನಮ್ಮ ಮಲೆನಾಡಿನ ಹವೆ ಇಂಥ ವಸ್ತುಗಳಿಗೆ ಒಳ್ಳೆಯದಲ್ಲ, ಮತ್ತು ಈ ವಿಷಯದಲ್ಲಿ ಯಜಮಾನರ ತಿಳಿವಳಿಕೆ ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡಿತು. ಯುದ್ಧಕ್ಕೆ ಮುಂಚಿನ ಅನೇಕ ಮಾದರಿಗಳ ಚಕ್ರ, ತಳಭಾಗಗಳನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ಆ ಸತುವಿನಲ್ಲಿ ಸೀಸದಂಥ ಕಲಬೆರಕೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿಕೊಂಡಿದ್ದರೂ ಲೋಹ ಒಳಗಿನಿಂದಲೇ ಶಿಥಿಲವಾಗುತ್ತ ಹೋಗುತ್ತದೆ. ಮೊದಲು ಕೂದಲೆಳೆಯ ಬಿರುಕು, ಆಮೇಲೆ ಉಬ್ಬು, ಕೊನೆಗೆ ಬೆರಳಿನಲ್ಲಿ ಒತ್ತಿದರೆ ಪುಡಿ. ತೇವವಿದ್ದಲ್ಲಿ ಇದು ಇನ್ನಷ್ಟು ಬೇಗ ಹಬ್ಬುತ್ತದೆ. ಇದಕ್ಕೆ ಮದ್ದಿಲ್ಲ. ಅಂಟು ಹಾಕಿ, ಬಣ್ಣ ಬಳಿದು ಮುಚ್ಚಿದರೆ ಕೊಳ್ಳುವವರಿಗೆ ಮೋಸ ಮಾಡಿದಂತಾಗುತ್ತದೆಯೇ ಹೊರತು ಲೋಹ ಉಳಿಯುವುದಿಲ್ಲ. ನಮ್ಮ ಇಂಜಿನ್ ಯುದ್ಧದ ನಂತರದ್ದಾದ್ದರಿಂದ ಗಟ್ಟಿಯಾಗಿತ್ತು. ಅರೆಬರೆ ಕಟ್ಟಿದ್ದ ಇನ್ನೊಂದು ಇಂಜಿನ್ ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರವಿತ್ತು. ಅದು ಸೀಸ, ತವರ ಬೆರೆತ ಬಿಳಿಲೋಹದ ಕಿಟ್ ಎಂದು ಅವರು ಗುರುತಿಸಿದರು. ಕೆಯ್ಸ್, ವಿಲ್ಸ್ ಮೊದಲಾದವರು ಇಂಗ್ಲೆಂಡಿನಲ್ಲಿ ಇಂಥವನ್ನು ಮಾಡುತ್ತಿದ್ದರು. ಅದರ ಒಂದು ಪಕ್ಕದಲ್ಲಿ ಬಿಳಿಯ ಪುಡಿ ಎದ್ದಿತ್ತು. ಮರದ ಕಪಾಟು, ರಟ್ಟುಗಳಿಂದ ಹೊರಡುವ ಆಮ್ಲದ ಆವಿ ಸೀಸಕ್ಕೆ ತಗುಲಿದಾಗ ಹೀಗಾಗುತ್ತದೆ. ಆ ಪುಡಿಯಲ್ಲಿ ಸೀಸವಿರುವುದರಿಂದ ಅದನ್ನು ಊದಬಾರದು, ಮಕ್ಕಳ ಕೈಗೆ ಕೊಡಬಾರದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಹುಳ ಹಿಡಿಯದಿರಲಿ ಎಂದು ಟ್ರಂಕಿನೊಳಗೆ ನುಸಿಗುಳಿಗೆ ಹಾಕುವ ರೂಢಿ ಎಲ್ಲರ ಮನೆಯಲ್ಲೂ ಇದೆ. ಕಿಟ್‌ಗಳ ಪ್ಲಾಸ್ಟಿಕ್ಕು ಪಾಲಿಸ್ಟೈರಿನ್. ನುಸಿಗುಳಿಗೆಯಿಂದ ಹೊರಡುವ ನ್ಯಾಫ್ತಲೀನ್ ಆವಿ ಅದನ್ನು ಮೆತ್ತಗಾಗಿಸುತ್ತದೆ. ನಮ್ಮ ಒಂದು ಬೋಗಿಯ ಕಿಟ್‌ನಲ್ಲಿ ಚಾವಣಿಯ ಭಾಗ ಪಕ್ಕದ ಚೌಕಟ್ಟಿಗೆ ಅಂಟಿಕೊಂಡು, ಅದರ ಮೈಮೇಲಿನ ರಿವೆಟ್ಟಿನ ಚುಕ್ಕೆಗಳು ಕರಗಿದಂತೆ ಮಾಸಿದ್ದಕ್ಕೆ ಇದೇ ಕಾರಣವೆಂದು ಅವರು ತೋರಿಸಿದರು. ರೇಷ್ಮೆ ಸೀರೆಯ ಪೆಟ್ಟಿಗೆಗೆ ಹೊಂದುವ ಗುಳಿಗೆ ಇದಕ್ಕೆ ಹೊಂದುವುದಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ನಡುನಡುವೆ ಬದಲಿಸುತ್ತ, ಅಟ್ಟದ ಬದಲು ಮನೆಯ ನಡುಕೋಣೆಯ ಒಳಗೋಡೆಯ ಪಕ್ಕದಲ್ಲಿಡುವುದು ಅವರ ಸಲಹೆ. ರಬ್ಬರ್ ಬ್ಯಾಂಡನ್ನೂ ಸೆಲ್ಲೊಟೇಪನ್ನೂ ಪೆಟ್ಟಿಗೆಯ ಹತ್ತಿರ ಸುಳಿಯಗೊಡಬಾರದು. ಒಂದು ಕರಗಿ ಕಲೆಯಾಗುತ್ತದೆ, ಇನ್ನೊಂದು ಮುದ್ರಿತ ಕಾಗದವನ್ನೇ ಕಿತ್ತುಕೊಂಡು ಬರುತ್ತದೆ.

ಇಂಜಿನ್ ಓಡುತ್ತದೆಯೇ ಎಂದು ನೋಡುವ ಕುತೂಹಲ ಯಾರಿಗಾದರೂ ಇರುತ್ತದೆ. ಟ್ರಂಕಿನಲ್ಲಿದ್ದ ಹಳೆಯ ಟ್ರಾನ್ಸ್‌ಫಾರ್ಮರನ್ನು ಅವರು ಪ್ಲಗ್ಗಿಗೆ ಸಿಕ್ಕಿಸಲು ಒಪ್ಪಲಿಲ್ಲ. ಅದರ ವೈರಿನ ಮೇಲಿನ ರಬ್ಬರು ಒಣಗಿ ಬಿರಿದಿತ್ತು. 230 ವೋಲ್ಟು ಹರಿಯುವ ತಂತಿ ಬರಿಮೈಯಲ್ಲಿದ್ದರೆ ಇಂಜಿನ್ನಿಗಿಂತ ಮೊದಲು ಹೋಗುವುದು ಜೀವ. ಹಳೆಯ ಗ್ರೀಸು ಅರಗಿನಂತೆ ಗಟ್ಟಿಯಾಗಿದ್ದುದನ್ನು ಹದವಾಗಿ ಬಿಡಿಸಿ, ಒಂದು ತೊಟ್ಟು ಹಗುರ ಎಣ್ಣೆ ಬಿಟ್ಟು, ಕರೆಂಟಿಗೆ ಮಿತಿ ಹಾಕಬಹುದಾದ ತಮ್ಮ 12 ವೋಲ್ಟ್ ಡಿಸಿ ಸಪ್ಲೈಯಿಂದ ಓಡಿಸಿದರು. ಇಂಜಿನ್ ಓಡಿತು. ಮೋಟಾರಿನೊಳಗಿನ ಅಯಸ್ಕಾಂತ ಬಿಚ್ಚಿ ತೆಗೆದರೆ ಶಕ್ತಿ ಕಳೆದುಕೊಳ್ಳಬಹುದು, ಆದ್ದರಿಂದ ಅಭ್ಯಾಸವಿಲ್ಲದವರು ಮೋಟಾರನ್ನು ಬಿಚ್ಚುವುದು ಬೇಡ ಎಂಬುದನ್ನೂ ವರದಿಯಲ್ಲಿ ಬರೆದಿದ್ದಾರೆ.

ಇನ್ನು ಬೆಲೆ. ವರದಿಯಲ್ಲಿ ಪ್ರತಿ ವಸ್ತುವಿನ ಮುಂದೆ ಮೂರು ಅಂಕಣಗಳಿರುತ್ತವೆ: ಹರಾಜಿನಲ್ಲಿ ಬರಬಹುದಾದ ಮೊತ್ತ, ವ್ಯಾಪಾರಿ ಕೊಡಬಹುದಾದ ಮೊತ್ತ, ಕಳೆದುಹೋದರೆ ಮತ್ತೆ ಕೊಳ್ಳಲು ತಗಲುವ ಮೊತ್ತ. ಈ ಮೂರನ್ನು ಬೇರೆ ಬೇರೆಯಾಗಿ ನೋಡದಿರುವುದೇ ನಮ್ಮಂಥ ಮನೆಗಳಲ್ಲಿ ಜಗಳಕ್ಕೆ ಮೂಲ ಎಂದು ನನಗನ್ನಿಸುತ್ತದೆ. ಒಬ್ಬರು ಮಾರುವ ಬೆಲೆ ಹೇಳುತ್ತಿರುತ್ತಾರೆ, ಇನ್ನೊಬ್ಬರು ಕೊಳ್ಳುವ ಬೆಲೆ ಹೇಳುತ್ತಿರುತ್ತಾರೆ. ಅಂತರಜಾಲದಲ್ಲಿ ಮಾರಾಟಗಾರರು ಕೇಳುವ ಬೆಲೆಯನ್ನು ಯಜಮಾನರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈಬೇ ಎಂಬ ಅಂತರಜಾಲ ಮಾರಾಟ ತಾಣದಲ್ಲಿ ಮಾರಾಟವಾಗಿ ಮುಗಿದ ವಸ್ತುಗಳ ಪಟ್ಟಿ, ಇಂಗ್ಲೆಂಡಿನಲ್ಲಿ ಆಟಿಕೆಗಳ ಹರಾಜನ್ನೇ ಮುಖ್ಯವಾಗಿ ನಡೆಸುವ ವೆಕ್ಟಿಸ್‌ನಂಥ ಸಂಸ್ಥೆಗಳ ಹಳೆಯ ಹರಾಜಿನ ಫಲಿತಾಂಶ, ಇವೇ ಅವರ ಆಧಾರ. ನಮ್ಮ ಡಚೆಸ್ ಆಫ್ ಮಾಂಟ್ರೋಸ್‌ಗೆ ಸರಿಯಾದ ಪೆಟ್ಟಿಗೆಯ ಸಮೇತ ಹರಾಜಿನಲ್ಲಿ 40ರಿಂದ 60 ಪೌಂಡ್, ರಾಕೆಟ್ ಕಿಟ್‌ಗೆ 10ರಿಂದ 20 ಪೌಂಡ್ ಎಂದು ಬರೆದಿದ್ದಾರೆ. ಲಕ್ಷದ ಮಾತು ಅಲ್ಲಿಗೆ ಮುಗಿಯಿತು. ಡಬ್ಲೊ ಇಂಜಿನ್‌ಗಳಲ್ಲಿ ಇದು ಬಹಳ ಸಂಖ್ಯೆಯಲ್ಲಿ ಮಾರಾಟವಾದದ್ದು, ಇಂದಿಗೂ ಸುಲಭವಾಗಿ ಸಿಗುವಂಥದ್ದು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಕಡಿಮೆ ಉಳಿದಿರಬೇಕು, ಬೇಕೆನ್ನುವವರು ಇರಬೇಕು, ಸ್ಥಿತಿ ಚೆನ್ನಾಗಿರಬೇಕು. 1964ರಲ್ಲಿ, ಡಬ್ಲೊದ ಕೊನೆಗಾಲದಲ್ಲಿ ಬಂದ ಇ3002 ಎಂಬ ಎಲೆಕ್ಟ್ರಿಕ್ ಇಂಜಿನ್ ಡಚೆಸ್‌ಗಿಂತ ಹೊಸದಾದರೂ ಅದಕ್ಕಿಂತ ಎಷ್ಟೋ ಹೆಚ್ಚಿಗೆ ಮಾರಾಟವಾಗುವುದು ಇದೇ ಕಾರಣಕ್ಕೆ.

ವಿದೇಶಕ್ಕೆ ಕಳಿಸಿ ಮಾರಿದರೆ ಕೈಗೆ ಬರುವುದೆಷ್ಟು ಎಂಬ ಲೆಕ್ಕವನ್ನೂ ಅವರು ಮುಚ್ಚುಮರೆಯಿಲ್ಲದೆ ಹಾಕಿ ತೋರಿಸಿದರು. ಹರಾಜು ಸಂಸ್ಥೆಯ ಕಮಿಷನ್ನು, ಅಂಚೆ, ವಿಮೆ, ಅಲ್ಲಿನ ಸುಂಕಗಳನ್ನು ಕಳೆದರೆ ನಮ್ಮ ಇಂಜಿನ್ನಿನಂಥ ವಸ್ತುವಿಗೆ ಉಳಿಯುವುದು ಅಲ್ಪ. ಒಂದು ಕಾನೂನಿನ ಮಾತನ್ನೂ ಅವರು ಸೇರಿಸಿದರು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ಹಳೆಯ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1950ರ ದಶಕದ ಆಟಿಕೆಗಳಿಗೆ ಇದು ಅನ್ವಯಿಸುವುದಿಲ್ಲ. ಆದರೆ ಹಾರ್ನ್‌ಬಿಯ ಕೀಲಿ ಕೊಡುವ ಓ ಗೇಜ್ ರೈಲುಗಳು ಮಾರುಕಟ್ಟೆಗೆ ಬಂದದ್ದೇ 1920ರಲ್ಲಿ, ಅದಕ್ಕೂ ಹಿಂದಿನ ಜರ್ಮನಿಯ ತಗಡಿನ ರೈಲುಗಳೂ ಕೆಲವು ಮನೆಗಳಲ್ಲಿರಬಹುದು. ಅಂಥವನ್ನು ಪಾರ್ಸೆಲ್ ಮಾಡುವ ಮುಂಚೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಬೇಕೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಕೊರತೆಗಳನ್ನು ಹೇಳಲೇಬೇಕು. ಯಜಮಾನರ ಹಿಡಿತವಿರುವುದು ಬ್ರಿಟನ್ನಿನ ವಸ್ತುಗಳ ಮೇಲೆ. ನಮ್ಮ ಟ್ರಂಕಿನಲ್ಲಿದ್ದ ಒಂದು ಮಾರ್ಕ್ಲಿನ್ ವ್ಯಾಗನ್ನನ್ನು ಅವರು ಗುರುತಿಸಿದರು, ಜರ್ಮನಿಯ ಗೊಪ್ಪಿಂಗೆನ್‌ನ ಈ ಕಂಪನಿಯ ರೈಲುಗಳು ಎಸಿ ವಿದ್ಯುತ್ತಿನಲ್ಲಿ ಓಡುವುದರಿಂದ ಡಿಸಿ ವಿದ್ಯುತ್ತಿನ ಡಬ್ಲೊ ಹಳಿಯ ಮೇಲೆ ಬೆರೆಸಬಾರದು ಎಂದೂ ಹೇಳಿದರು, ಆದರೆ ಬೆಲೆಯ ಅಂಕಣಗಳನ್ನು ಖಾಲಿ ಬಿಟ್ಟು, ಜರ್ಮನಿಯ ವಸ್ತು ಬಲ್ಲವರಿಗೆ ತೋರಿಸಿ ಎಂದು ಬರೆದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದದ್ದನ್ನು ಗೌರವಿಸುತ್ತೇನೆ. ಆದರೂ ಶುಲ್ಕ ಕೊಟ್ಟವರಿಗೆ ಕೆಲಸ ಪೂರ್ತಿಯಾಗಲಿಲ್ಲ ಎಂಬುದು ನಿಜ. ಅಮೆರಿಕದ ಲಯನೆಲ್ ಮೊದಲಾದ ಕಂಪನಿಗಳ ರೈಲುಗಳನ್ನು ಅವರು ತೆಗೆದುಕೊಳ್ಳುವುದೇ ಇಲ್ಲ. ಶುಲ್ಕ ಪೆಟ್ಟಿಗೆಯ ಲೆಕ್ಕದಲ್ಲಿರುವುದರಿಂದ ಬರೀ ಹಳಿಗಳಿದ್ದ ಪೆಟ್ಟಿಗೆಗೂ ಇಂಜಿನ್ ಇದ್ದ ಪೆಟ್ಟಿಗೆಯಷ್ಟೇ ಕೊಡಬೇಕಾಯಿತು. ಇದು ನ್ಯಾಯವಾಗಿ ಕಾಣಲಿಲ್ಲ. ಹಳಿಗಳನ್ನು ಮನೆಯಲ್ಲೇ ಬೇರ್ಪಡಿಸಿ, ಮಾದರಿಗೊಂದು ತುಂಡನ್ನು ಮಾತ್ರ ಒಯ್ದರೆ ಆ ಖರ್ಚು ಉಳಿಯುತ್ತದೆ.

ವರದಿ ಕೈಬರಹದಲ್ಲಿರುತ್ತದೆ. ಅಕ್ಷರ ದುಂಡಗಿದೆ, ಪ್ರತಿ ಪುಟಕ್ಕೂ ಸಹಿ ಮತ್ತು ತಾರೀಖು ಇದೆ, ಪಾಲು ಮಾಡಿಕೊಳ್ಳಲು ನಮಗೆ ಅದು ಸಾಕಾಯಿತು. ಆದರೆ ಫೋಟೋಗಳು ಮಂದ ಬೆಳಕಿನಲ್ಲಿ ತೆಗೆದವು. ಬಿರುಕು, ಗೀರುಗಳನ್ನು ಬರಹದಲ್ಲಿ ಓದಬಹುದೇ ಹೊರತು ಚಿತ್ರದಲ್ಲಿ ಕಾಣಲಾಗದು. ದೂರದ ಹರಾಜು ಸಂಸ್ಥೆಗೆ ಕಳಿಸುವುದಿದ್ದರೆ ಬೇರೆ ಫೋಟೋ ತೆಗೆಸಲೇಬೇಕು. ಹೇಳಿದ ವಾರಕ್ಕೆ ವರದಿ ಬರಲಿಲ್ಲ. ಕೇಳಿದಾಗ ಒಂದು ವ್ಯಾಗನ್ನಿನ ಗುರುತು ಇನ್ನೂ ಖಚಿತವಾಗಿಲ್ಲ ಎಂಬ ಉತ್ತರ ಬಂತು. ಅವಸರದಲ್ಲಿರುವವರಿಗೆ ಇದು ಹೊಂದುವುದಿಲ್ಲ. ವಸ್ತುಗಳನ್ನು ಅವರಲ್ಲಿ ಬಿಟ್ಟು ಬರುವಾಗ ರಸೀದಿಯನ್ನು ನಾವೇ ಕೇಳಿ ಬರೆಸಿಕೊಳ್ಳಬೇಕಾಯಿತು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಹಲವರ ಪಾಲಿರುವ ವಸ್ತುವಿಗೆ ರಸೀದಿ ಕೊಡುವುದು ಕೇಳದೆಯೇ ಆಗಬೇಕಾದ ಕೆಲಸ, ಮತ್ತು ಇದನ್ನು ಅವರಿಗೂ ಹೇಳಿದ್ದೇನೆ.

ಹೋಗುವವರಿಗೆ ಕೆಲವು ಮಾತು. ಮೆಟ್ಟಿಲು ಕಡಿದಾಗಿದೆ, ಟ್ರಂಕು ಹೊರಲು ಜೊತೆಗೊಬ್ಬರು ಬೇಕು. ಒಳಗಿರುವ ಪ್ರತಿಯೊಂದು ಕಾಗದ, ಖಾಲಿ ಪೆಟ್ಟಿಗೆ, ಬಿಲ್ಲು, ಕೊನೆಗೆ ಮುರಿದ ತುಂಡನ್ನೂ ಎಸೆಯದೆ ಒಯ್ಯಿರಿ; ಯಾವುದು ಯಾವುದರ ಜೊತೆಗಿತ್ತು ಎಂಬುದು ಗೊತ್ತಾಗುವಂತೆ ಹೊರತೆಗೆಯುವ ಮುನ್ನವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ತಂದುಕೊಟ್ಟವರು ಯಾರು, ಯಾವ ವರ್ಷ, ಯಾವ ತೋಟ ಎಂಬ ವಿವರ ಮನೆಯ ಹಿರಿಯರಿಗೆ ನೆನಪಿದ್ದರೆ ಬರೆದುಕೊಂಡು ಹೋಗಿ, ಏಕೆಂದರೆ ಯಜಮಾನರು ಅದನ್ನು ವರದಿಯಲ್ಲಿ ಸೇರಿಸುತ್ತಾರೆ. ಚಿಕ್ಕಮಗಳೂರಿನಿಂದ ಹೋಗುವವರು ಬೇಲೂರಿನ ಮೇಲೆ ಬೆಳಗಿನ ಬಸ್ಸು ಹಿಡಿಯುವುದು ಒಳ್ಳೆಯದು. ಆ ಕೋಣೆಗೆ ಇರುವುದು ಪೂರ್ವದ ಕಿಟಕಿಯೊಂದೇ, ಸಣ್ಣ ಅಂಕೆಗಳನ್ನು ಓದುವ ಕೆಲಸವನ್ನೆಲ್ಲ ಅವರು ಮಧ್ಯಾಹ್ನದೊಳಗೆ ಮುಗಿಸಿಬಿಡುತ್ತಾರೆ.